ಟ್ರೈಲರಿನಲ್ಲಿ ಉಳಿದುಹೋದ ಬೂದುಗುಂಬಳ

ಬೂದುಗುಂಬಳ ಕೊಳೆತರೆ ಮೊದಲು ನಾತ ಬರುವುದಿಲ್ಲ, ನೀರು ಬರುತ್ತದೆ. ನಾತ ಆಮೇಲೆ ಬರುತ್ತದೆ, ಬಂದದ್ದು ಹೋಗುವುದಿಲ್ಲ. ಇದನ್ನು ನಾನು ಓದಿ ತಿಳಿದದ್ದಲ್ಲ. ಲಂಡನ್ನಿನ ಅಂಚಿನ ಗ್ರೀನ್‌ಫರ್ಡ್‌ನ ಒಂದು ಗೋದಾಮಿನ ಅಂಗಳದಲ್ಲಿ, ಜನವರಿ ಕೊನೆಯ ಒಂದು ಮಂಗಳವಾರ ಬೆಳಿಗ್ಗೆ, ನಾನೇ ಕೈಯಾರೆ ಕಟ್ಟಿದ ಟ್ರೈಲರಿನ ಬಾಗಿಲು ತೆಗೆದಾಗ ಕಲಿತದ್ದು. ಶನಿವಾರ ಅದೇ ಟ್ರೈಲರ್ ನ್ಯೂಕಾಸಲ್ಲಿನಲ್ಲಿ ಆಗ ಸ್ವೀಡನ್ನಿಗೆ ಹೋಗುತ್ತಿದ್ದ ಹಡಗು ಹತ್ತಬೇಕಿತ್ತು. ಹಡಗು ತಪ್ಪಿದರೆ ಆ ವರ್ಷದ ಹಿಮ ತಪ್ಪಿದ ಹಾಗೆ. ಮುಂದಿನ ವರ್ಷ ಯಾರು ಕಂಡಿದ್ದಾರೆ.

ಮೊದಲಿನಿಂದ ಹೇಳಬೇಕು. ಸ್ನೋಮೊಬೈಲ್ ಎಂದರೆ ಹಿಮದ ಮೇಲೆ ಓಡುವ ಸ್ಕೂಟರು. ಮುಂದೆ ಚಕ್ರದ ಬದಲು ಎರಡು ಜಾರುಪಟ್ಟಿ, ಹಿಂದೆ ಅಗಲವಾದ ರಬ್ಬರ್ ಪಟ್ಟಾ. ಲಂಡನ್ನಿನಲ್ಲಿ ಇದನ್ನು ಇಟ್ಟುಕೊಳ್ಳುವುದು ಮನೆಯೊಳಗೆ ದೋಣಿ ಇಟ್ಟುಕೊಂಡ ಹಾಗೆ. ಇಲ್ಲಿ ಎರಡು ಬೆರಳು ಹಿಮ ಬಿದ್ದರೆ ಟ್ರೈನು ನಿಲ್ಲುತ್ತದೆ, ಮಧ್ಯಾಹ್ನದೊಳಗೆ ಅದೂ ಕರಗಿ ಕೆಸರಾಗುತ್ತದೆ. ಆದರೆ ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಡಾಕ್ಟರು ಉತ್ತರ ಸ್ವೀಡನ್ನಿಗೆ ಮನೆ ಬದಲಾಯಿಸಿದರು. ಒಂದು ಹೊಸ ವರ್ಷಕ್ಕೆ ನಮ್ಮನ್ನು ಕರೆದರು. ಅಲ್ಲಿ ಅವರ ಹಿಂದೆ ಕೂತು ಹೆಪ್ಪುಗಟ್ಟಿದ ಕೆರೆಯ ಮೇಲೆ ಒಂದು ಸುತ್ತು ಹೋಗಿಬಂದೆ. ಇಳಿದಾಗ ರೆಪ್ಪೆಯ ಕೂದಲು ಗಟ್ಟಿಯಾಗಿತ್ತು. ಅಷ್ಟೇ. ಆಮೇಲೆ ನನಗೆ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ.

ಪಿನ್ನರ್‌ನ ನಮ್ಮ ಮನೆಗೆ ಇಂಟರ್ನೆಟ್ ಬಂದ ಮೇಲೆ ಅಮೆರಿಕ, ಕೆನಡಾದ ಜನ ಬರೆಯುವ ಫೋರಂಗಳನ್ನು ಓದಿ ಓದಿ ಎಂಜಿನ್ನು ಬಿಚ್ಚುವುದು ಕಲಿತೆ. ಕೆಲಸಕ್ಕೆ ಸೇರಿದ ಮೇಲೆ ಸ್ಕಾಟ್‌ಲ್ಯಾಂಡಿನ ಒಬ್ಬನಿಂದ ಹಳೆಯ ಸ್ನೋಮೊಬೈಲ್ ಕೊಂಡೆ. ಸೀಟು ಹರಿದಿತ್ತು, ಎಂಜಿನ್ನು ಚೆನ್ನಾಗಿತ್ತು. ಅಮ್ಮ ಅದನ್ನು ನೋಡಿ, "ಇದಕ್ಕೆ ಚಕ್ರ ಎಲ್ಲೇ?" ಎಂದು ಕೇಳಿದಳು. ಇಲ್ಲ ಎಂದೆ. "ಚಕ್ರ ಇಲ್ದೇ ಇರೋ ಗಾಡಿಗೆ ಇನ್ನೊಂದು ಗಾಡಿ ಬೇಕಾಗತ್ತೆ ಅಂತ ಅರ್ಥ," ಎಂದಳು. ಅಮ್ಮನಿಗೆ ಸುಮ್ಮನೆ ಅರ್ಥವಾಗಿಬಿಡುತ್ತದೆ.

ಆ ಇನ್ನೊಂದು ಗಾಡಿಯೇ ಟ್ರೈಲರ್. ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯಂಥದ್ದು. ಹಿಂದಿನ ಬಾಗಿಲು ಇಳಿಸಿದರೆ ಅದೇ ಇಳಿಜಾರು ಹಲಗೆ, ಮಗ್ಗುಲಲ್ಲಿ ಜನ ಹತ್ತಿಳಿಯಲು ಸಣ್ಣ ಬಾಗಿಲು, ಮೂತಿಯ ಹತ್ತಿರ ಕಪಾಟು. ಮದುವೆಮನೆಗಳಿಗೆ ಸ್ಪೀಕರ್ ಸಾಗಿಸುತ್ತಿದ್ದವರು ಮಾರಿದ್ದು. ಆದರೆ ಅದನ್ನು ಎಳೆಯುವುದು ನನ್ನಿಂದಾಗುತ್ತಿರಲಿಲ್ಲ. ತೊಂಬತ್ತೇಳರ ನಂತರ ಲೈಸೆನ್ಸ್ ತೆಗೆದುಕೊಂಡವರು ಅಷ್ಟು ಭಾರದ ಟ್ರೈಲರ್ ಎಳೆಯಲು ಆಗ ಇನ್ನೊಂದು ಪರೀಕ್ಷೆ ಪಾಸಾಗಬೇಕಿತ್ತು. ಅದಕ್ಕಿಂತ ಹಿಂದಿನವರಿಗೆ ಅದು ಬೇಕಿರಲಿಲ್ಲ. ಅಪ್ಪನ ಲೈಸೆನ್ಸ್ ಹಳೆಯದೇ, ಆದರೆ ಅಪ್ಪ ನಮ್ಮ ಕಾರನ್ನೇ ರಿವರ್ಸ್ ತೆಗೆಯುವಾಗ ಉಸಿರು ಬಿಗಿಹಿಡಿಯುತ್ತಾರೆ. ಹಾಗಾಗಿ ಉಳಿದವರು ಅಂಕಲ್.

ಅಂಕಲ್ ಸಂಬಂಧಿಕರಲ್ಲ. ಕುಂದಾಪುರದ ಕಡೆಯವರು, ಗ್ರೀನ್‌ಫರ್ಡ್‌ನಲ್ಲಿ ದೋಸೆ ಹೋಟೆಲು ನಡೆಸುತ್ತಾರೆ. ಕನ್ನಡದವರ ಮನೆಯ ಯಾವ ಊಟವಿದ್ದರೂ ಅವರದ್ದೇ ಅಡುಗೆ. ಸಾಮಾನು ಸಾಗಿಸಲು ದೊಡ್ಡ ವ್ಯಾನಿದೆ, ಅದಕ್ಕೆ ಟ್ರೈಲರ್ ಸಿಕ್ಕಿಸುವ ಕೊಕ್ಕೆಯೂ ಇದೆ. ಫೋರಂನಲ್ಲಿದ್ದ ಇಲ್ಲಿಯವರು ಕೆಲವರು ಫೆಬ್ರವರಿಯಲ್ಲಿ ಗುಂಪಾಗಿ ಸ್ವೀಡನ್ನಿಗೆ ಹೊರಟಿದ್ದಾರೆ, ಟ್ರೈಲರ್ ಎಳೆದುಕೊಂಡು ನನ್ನ ಜೊತೆ ಬರುತ್ತೀರಾ ಎಂದು ನಾನು ಕೇಳಿದಾಗ ಅವರು ಹಿಟ್ಟು ರುಬ್ಬುತ್ತಿದ್ದರು.

"ಸ್ವೀಡನ್ ಅಂದ್ರೆ ಎಷ್ಟು ಚಳಿ ಇತ್ತು?" ಎಂದರು.

"ಮೈನಸ್ ಇಪ್ಪತ್ತು ಆಗತ್ತೆ ಅಂಕಲ್."

"ಎಣ್ಣೆ ವಾಸನೆ ಇರುದಿಲ್ಲ ಅಲ್ದಾ ಅಲ್ಲಿ?"

"ಇಲ್ಲ."

"ಹಾಂಗಾರೆ ಹೋಪ ಮಾರಾಯ್ತಿ," ಎಂದರು. ಫೆಬ್ರವರಿಯ ಒಂದು ವಾರ ಹೋಟೆಲಿನ ಅಡುಗೆಗೆ ಬೇರೊಬ್ಬರನ್ನು ಒಪ್ಪಿಸಿದರು. ಆ ಒಂದೇ ವಾರ. ಅದು ಬಿಟ್ಟರೆ ಅವರಿಗೆ ರಜೆ ಎಂಬುದಿರಲಿಲ್ಲ.

ಟ್ರೈಲರನ್ನು ಅವರು ಸಾಮಾನಿಡುವ ಗೋದಾಮಿನ ಅಂಗಳದಲ್ಲಿ ನಿಲ್ಲಿಸಿದೆವು. ಅಂಗಳದ ಮಾಲೀಕರು ಟೈಲ್ಸ್ ವ್ಯಾಪಾರದ ಒಬ್ಬ ಗುಜರಾತಿ ಮುದುಕರು. ಆ ಬೇಸಿಗೆ ಪೂರ್ತಿ ನನ್ನ ಶನಿವಾರ, ಭಾನುವಾರಗಳೆಲ್ಲ ಅಲ್ಲೇ ಕಳೆದವು. ಅಮೆರಿಕದವರ ಟ್ರೈಲರುಗಳ ಫೋಟೋ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಒಳಗೆ ಬೆಚ್ಚಗೆ, ಬಟ್ಟೆ ನೇತುಹಾಕುವ ಗೂಟ, ಬೂಟು ಒಣಗಿಸುವ ಕೊಳವೆ, ಮಡಚುವ ಬೆಂಚು. ನನ್ನದು ಅದಕ್ಕಿಂತ ಒಂದು ಕೈ ಮೇಲಿರಬೇಕು ಎಂದು ಹಟ. ಗೋಡೆಗೆ ಗಟ್ಟಿ ಫೋಮಿನ ಹಲಗೆ, ಅದರ ಮೇಲೆ ಪ್ಲೈವುಡ್, ನೆಲಕ್ಕೆ ಕಪ್ಪು ರಬ್ಬರು. ಸ್ನೋಮೊಬೈಲನ್ನು ಬಿಗಿಯಲು ನೆಲದಲ್ಲಿ ಕಬ್ಬಿಣದ ಬಳೆಗಳು, ಕೆಳಗಿನ ಚೌಕಟ್ಟಿಗೇ ಬೋಲ್ಟು ಹಾಕಿದ್ದು. ಹೇಸ್‌ನಲ್ಲಿ ನಾನಿದ್ದ ಸರಕು ಸಾಗಣೆ ಕಂಪನಿಯಲ್ಲಿ ಪಟ್ಟಿ ಬಿಗಿಯುವುದನ್ನು ದಿನಾ ನೋಡುತ್ತಿದ್ದೆನಲ್ಲ, ಅದು ಉಪಯೋಗಕ್ಕೆ ಬಂತು. ದೋಣಿಯಲ್ಲಿ ಬಳಸುವ ಸಣ್ಣ ಡೀಸೆಲ್ ಹೀಟರ್ ತಂದು ಮೂಲೆಯಲ್ಲಿಟ್ಟೆ. ಅದರ ಹೊಗೆಕೊಳವೆಗೆಂದು ನೆಲದಲ್ಲಿ ತೂತು ಕೊರೆದೆ. ಕೊಳವೆ ಬರುವುದು ತಡವಾಯಿತು, ತೂತಿಗೆ ಬಟ್ಟೆ ತುರುಕಿದೆ.

ಉಳಿದದ್ದೆಲ್ಲ ಬಿಗಿ. ಬಾಗಿಲ ಸುತ್ತ ರಬ್ಬರ್ ಪಟ್ಟಿ, ಸಂದಿಗಳಿಗೆ ಸಿಲಿಕೋನ್, ಹಿಮ ಕರಗಿದ ನೀರು ಹರಿಯುವ ರಂಧ್ರಗಳಿಗೆ ಬಿರಡೆ. ಬಾಗಿಲು ಹಾಕಿದರೆ ಪಕ್ಕದ ಲಾರಿಯ ಶಬ್ದವೂ ಕೇಳುತ್ತಿರಲಿಲ್ಲ. ಅಂಕಲ್ ಒಳಗೆ ನಿಂತು ಗೋಡೆ ತಟ್ಟಿ, "ನಮ್ಮ ಹೋಟೆಲಿನ ಕೋಲ್ಡ್ ರೂಮಿಗೂ ಇಷ್ಟು ಬಂದೋಬಸ್ತ್ ಇಲ್ಲ," ಎಂದರು. ನಾನು ಹಿಗ್ಗಿದೆ.

ಆಮೇಲೆ ಆಯುಧಪೂಜೆ ಬಂತು.

ಕೆಲಸ ಮುಗಿದಿದೆ, ಹೊಸ ಗಾಡಿ, ಅದೂ ದೂರದ ದಾರಿ, ಪೂಜೆ ಮಾಡದೆ ಕಳಿಸುವುದು ಹೇಗೆ ಎಂದು ಅಮ್ಮ. ಮಾಡಿ ಎಂದೆ. ಒಂದು ನಿಂಬೆಹಣ್ಣು, ಸ್ವಲ್ಪ ಕುಂಕುಮ ಎಂದುಕೊಂಡಿದ್ದೆ. ಅಂಕಲ್ ತರಕಾರಿ ಸರಬರಾಜು ಮಾಡುವವರಿಗೆ ಹೇಳಿ ಎರಡು ಬಾಳೆಕಂದು, ಒಂದು ಬುಟ್ಟಿ ಹೂವು, ತೆಂಗಿನಕಾಯಿ, ಬಾಳೆಹಣ್ಣಿನ ಗೊನೆಯ ಒಂದು ಪಾಲು, ಇಷ್ಟು ದೊಡ್ಡ ಒಂದು ಬೂದುಗುಂಬಳ ತರಿಸಿದ್ದರು. ಅಮ್ಮ ಮೈಸೂರಿನವಳು, ಕಡ್ಲೆಪುರಿ ಇಲ್ಲದೆ ಅವಳಿಗೆ ಆಯುಧಪೂಜೆಯೇ ಅಲ್ಲ. ಎರಡು ದೊಡ್ಡ ಚೀಲ ತಂದಳು.

ಅವತ್ತು ಜಿನುಗು ಮಳೆ. ಹೊರಗೆ ದೀಪ ನಿಲ್ಲುವುದಿಲ್ಲ ಎಂದು ಪೂಜೆಯನ್ನು ಟ್ರೈಲರಿನೊಳಗೇ ಇಟ್ಟುಕೊಂಡರು. ರೇಷ್ಮೆ ಸೀರೆಯ ಮೇಲೆ ರೇನ್‌ಕೋಟು ಹಾಕಿಕೊಂಡ ಅಮ್ಮ ಸ್ನೋಮೊಬೈಲಿನ ಮೂತಿಗೆ ಅರಿಸಿನ ಕುಂಕುಮ ಹಚ್ಚಿದಳು. ಬಾಳೆಕಂದುಗಳನ್ನು ನನ್ನ ಬಟ್ಟೆ ನೇತುಹಾಕುವ ಗೂಟಗಳಿಗೇ ಕಟ್ಟಿದರು. ಒಡೆದ ಕಾಯಿಯ ಎರಡು ಹೋಳು ಸೀಟಿನ ಮೇಲೆ, ಪುರಿ ತಟ್ಟೆ ನೆಲದ ಮೇಲೆ. ಎಂಜಿನ್ನಿನ ಮುಂದೆ ಮಂಗಳಾರತಿ ಆಯಿತು. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಕೊನೆಗೆ ಕುಂಬಳ. ಅದರ ನೆತ್ತಿಯಲ್ಲಿ ಮುಚ್ಚಳದ ಹಾಗೆ ಕೊಯ್ದು ಒಳಗೆ ಕುಂಕುಮ ಸುರಿದು, ಮೇಲೆ ಕರ್ಪೂರ ಹಚ್ಚಿ, ಗಾಡಿಗೆ ದೃಷ್ಟಿ ತೆಗೆದು ನೆಲಕ್ಕೆ ಒಡೆಯಬೇಕು. ಅಂಕಲ್ ದೃಷ್ಟಿ ತೆಗೆದು ಅದನ್ನು ಎತ್ತಿ ಹೊರಗೆ ಬರುವಷ್ಟರಲ್ಲಿ ಮಾಲೀಕರು ಕೊಡೆ ಹಿಡಿದು ಓಡಿಬಂದರು. ಅವರದ್ದು ಇಂಗ್ಲಿಷು. ಪೂಜೆ ಮಾಡಿಕೊಳ್ಳಿ, ಬೇಡ ಅನ್ನುವುದಿಲ್ಲ, ಆದರೆ ನನ್ನ ಕಾಂಕ್ರೀಟಿನ ಮೇಲೆ ಅದನ್ನು ಒಡೆಯಬೇಡಿ, ಫೋರ್ಕ್‌ಲಿಫ್ಟ್ ಜಾರಿದರೆ ನನ್ನ ಹುಡುಗನ ಕಾಲು ಹೋಗುತ್ತದೆ ಎಂದರು. ರಸ್ತೆಯಲ್ಲಿ ಒಡೆದರೆ ಕೌನ್ಸಿಲಿನವರು, ಎಂದರೆ ಇಲ್ಲಿನ ನಗರಸಭೆಯವರು, ದಂಡ ಹಾಕಲು ಬರುತ್ತಾರೆ. ಅಂಕಲ್ ಕುಂಬಳ ಹಿಡಿದು ಮಳೆಯಲ್ಲಿ ನಿಂತರು.

"ಎಂತ ಮಾಡೂದ್ ಅಕ್ಕಾ?"

"ಒಳಗಿಡಿ. ನಾಳೆ ಎಲ್ಲಾದ್ರೂ ಒಡೆದ್ರಾಯ್ತು," ಎಂದಳು ಅಮ್ಮ.

ಅವರು ಅದನ್ನು ಮೂತಿಯ ಕಪಾಟಿನೊಳಗಿಟ್ಟು ಬಾಗಿಲು ಹಾಕಿದರು. ಪೂಜೆಗಿಟ್ಟ ಯಂತ್ರವನ್ನು ಅವತ್ತು ಮುಟ್ಟಬಾರದು, ಪೂಜೆಯನ್ನು ಮರುದಿನ ಕದಲಿಸಬೇಕು. ಹಾಗಾಗಿ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಟ್ರೈಲರಿಗೆ ಬೀಗ ಜಡಿದು ಮನೆಗೆ ಬಂದೆವು. ಒಂದು ಕೀಲಿ ನನ್ನ ಹತ್ತಿರ, ಇನ್ನೊಂದು ಅಂಕಲ್ ಹತ್ತಿರ. ಮರುದಿನ ನನಗೆ ಕೆಲಸವಿತ್ತು. ಅಮ್ಮನಿಗೆ ಫೋನು ಮಾಡಿ ಕೇಳಿದೆ. "ಅಂಕಲ್ ನೋಡ್ಕೋತಾರೆ ಬಿಡೇ," ಎಂದಳು.

ಆಮೇಲೆ ಕ್ರಿಸ್‌ಮಸ್ ಸರಕಿನ ಕಾಲ. ಹೇಸ್‌ನಲ್ಲಿ ನಮಗೆ ತಲೆ ಎತ್ತಲು ಪುರಸೊತ್ತಿಲ್ಲ. ಅಂಕಲ್‌ಗೆ ಪಾರ್ಟಿಗಳ ಅಡುಗೆ. ಟ್ರೈಲರ್ ಸಿದ್ಧವಾಗಿದೆ, ಬಿಗಿಯಾಗಿದೆ, ಚಳಿಗಾಲದಲ್ಲಿ ಸುಮ್ಮನೆ ತೆರೆದರೆ ತೇವ ಒಳಗೆ ಹೋಗುತ್ತದೆ ಎಂದು ಫೋರಂನವರೂ ಬರೆದಿದ್ದರು. ಹೊರಗಿನಿಂದ ಎರಡು ಸಲ ನೋಡಿ ಟೈರು ಒದ್ದು ಬಂದೆ. ಒಳಗೆ ಏನೂ ಹೋಗದ, ಒಳಗಿನದು ಏನೂ ಹೊರಗೆ ಬರದ ಪೆಟ್ಟಿಗೆ.

ಆ ಮಂಗಳವಾರ ಬೆಳಿಗ್ಗೆ ಮಾಲೀಕರು ಫೋನು ಮಾಡಿದರು. ಅವರ ದನಿ ತೀರಾ ಮೆತ್ತಗಿತ್ತು, ಅದೇ ನನಗೆ ಹೆದರಿಕೆಯಾದದ್ದು. "ನಿನ್ನ ಟ್ರೈಲರಿನ ಕೆಳಗೆ ಕೆಂಪಗೆ ಏನೋ ಸೋರುತ್ತಿದೆ. ಪೊಲೀಸರಿಗೆ ಹೇಳುವ ಮುಂಚೆ ನಿನಗೆ ಹೇಳೋಣ ಅನ್ನಿಸಿತು."

ಕೆಲಸಕ್ಕೆ ಹುಷಾರಿಲ್ಲ ಎಂದು ಹೇಳಿ ಓಡಿದೆ. ಮಾಲೀಕರು ಮೂಗಿಗೆ ಮಫ್ಲರ್ ಒತ್ತಿಕೊಂಡು ದೂರ ನಿಂತಿದ್ದರು. ಮೂತಿಯ ಕೆಳಗೆ ಕಾಂಕ್ರೀಟಿನ ಮೇಲೆ ತಟ್ಟೆಯಷ್ಟಗಲ ಕಡುಗೆಂಪು ಲೋಳೆ. ಮೇಲೆ ಕೆನೆ ಕಟ್ಟಿತ್ತು. ಮಗ್ಗುಲ ಬಾಗಿಲಿನ ಬೀಗ ತೆಗೆದೆ. ರಬ್ಬರ್ ಪಟ್ಟಿ ಮುತ್ತಿಟ್ಟಂಥ ಸದ್ದು ಮಾಡಿ ಬಿಟ್ಟಿತು. ಒಳಗಿನ ಗಾಳಿ ಮುಖಕ್ಕೆ ಬಂತು.

ಅದು ಬರೀ ಗಾಳಿಯಲ್ಲ, ಬಾಯಿಗೆ ಹತ್ತುವಂಥದ್ದು. ಸಿಹಿ, ಹುಳಿ, ಚರಂಡಿ, ಅದರ ಜೊತೆಗೆ ಪೆಟ್ರೋಲು. ಎರಡು ಹೆಜ್ಜೆ ಹಿಂದೆ ಬಂದು ಗೋಡೆ ಹಿಡಿದು ಬೆಳಗಿನ ಕಾಫಿಯೆಲ್ಲ ಕಕ್ಕಿದೆ. ಮತ್ತೆ ಹೋಗಿ ನೋಡಿದೆ. ಬಾಳೆಕಂದುಗಳು ಕಪ್ಪಾಗಿ, ಒದ್ದೆ ಗೋಣಿಯ ಹಾಗೆ ಜೋತುಬಿದ್ದು, ತುದಿಯಿಂದ ದಾರದ ಹಾಗೆ ಲೋಳೆ ಇಳಿಯುತ್ತಿತ್ತು. ಅದು ಇಳಿದದ್ದು ಕೆಳಗೆ ಪ್ರಯಾಣಕ್ಕೆಂದು ಸಾಲಾಗಿ ಇಟ್ಟಿದ್ದ ಬೂಟುಗಳೊಳಕ್ಕೆ. ಹೋಳುಗಳಲ್ಲಿ ತೆಂಗಿನಕಾಯಿ ಇರಲಿಲ್ಲ, ಬೂದುಬಣ್ಣದ ಉಣ್ಣೆ ಇತ್ತು. ಮೊದಲೇ ತಂದು ನೇತುಹಾಕಿದ್ದ ಹಿಮದ ಬಟ್ಟೆಗಳ ಕಾಲರಿಗೆ ಹಸಿರು ಬೂಷ್ಟು, ಚಾವಣಿಯಲ್ಲಿ ಕರಿ ಚುಕ್ಕೆ. ಜನವರಿಯ ಚಳಿಯಲ್ಲಿ, ಇಡೀ ಲಂಡನ್ನಿನಲ್ಲಿ ಒಂದು ನೊಣವಿಲ್ಲದಾಗ, ನನ್ನ ಟ್ರೈಲರಿನೊಳಗೆ ಸಣ್ಣ ನೊಣಗಳು ಹಾರಾಡುತ್ತಿದ್ದವು. ಅಷ್ಟು ಬೆಚ್ಚಗೆ ಕಟ್ಟಿದ್ದೆ.

ಮಾಲೀಕರು ಹಿಂದಿನಿಂದ ಇಣುಕಿದರು. ಕಾಯಿ, ಕುಂಕುಮ, ದೀಪದ ತಟ್ಟೆ ಕಂಡವು. "ಓ. ಪೂಜಾ," ಎಂದರು. ಪೊಲೀಸರ ಮಾತು ಬಿಟ್ಟರು, ಆದರೆ ಶನಿವಾರದೊಳಗೆ ಅಂಗಳ ಖಾಲಿ ಮಾಡಬೇಕು ಎಂದರು. ಎಲ್ಲಿಗಾದರೂ ತೆಗೆದುಕೊಂಡು ಹೋಗು, ಸ್ವೀಡನ್ನಿಗೋ ತಿಪ್ಪೆಗೋ.

ಅಂಕಲ್ ಬಂದರು. ಬಾಗಿಲಲ್ಲಿ ನಿಂತು ಮೂಗಿಗೆ ತೋಳು ಒತ್ತಿಕೊಂಡರು.

"ನೀವು ತೆಗೀಲಿಲ್ವಾ ಅಂಕಲ್?"

"ನಿಮ್ಮನೆ ಪೂಜೆ ಮಾರಾಯ್ತಿ. ಕದಲ್ಸುದು ನಾನಾ? ಪೂಜೆ ಮಾಡಿದವರೇ ಕದಲ್ಸುಕೆ ಅಲ್ದಾ? ನಾ ಹೊರಗಿನವ, ಕೈ ಹಾಕಿದ್ರೆ ಅಕ್ಕ ಎಂತ ಅಂತ್ರ್?"

"ಅಮ್ಮ ನೀವು ತೆಗೀತೀರಾ ಅಂದ್ಕೊಂಡಿದ್ರು."

"ನಾ ಅಕ್ಕ ತೆಗೆದಿದ್ರ್ ಅಂದೇಳಿ ಗ್ರೇಶ್ಕಂಡಿದ್ದೆ."

ಒಬ್ಬರ ಮನೆಯ ಪೂಜೆಗೆ ಇನ್ನೊಬ್ಬರು ಕೈಹಾಕಬಾರದು ಎಂಬ ಮರ್ಯಾದೆಗೆ ನನ್ನ ಟ್ರೈಲರ್ ಕೊಳೆತಿತ್ತು. ಬೇರೆ ಯಾವ ಜನವಾದರೂ ಮರುದಿನ ಕಸ ಎತ್ತಿ ಬಿಸಾಡುತ್ತಿದ್ದರು.

ನಾನು ಆಗಲೇ ಕೈಗೆ ಕವರು ಸುತ್ತಿಕೊಂಡು ಕಂದು ಕೀಳಲು ಹೋದೆ. ಅಂಕಲ್ ತಡೆದರು. ಕದಲಿಸದೆ ಎತ್ತಬಾರದಂತೆ, ಅಮ್ಮನನ್ನು ಕೇಳಬೇಕಂತೆ. ಅಮ್ಮನಿಗೆ ಫೋನು ಮಾಡಿದರೆ ಅವಳಿಗೆ ನಾತದ ಚಿಂತೆಯೇ ಇಲ್ಲ.

"ಇಷ್ಟು ತಿಂಗಳು ಪೂಜೆ ಕದಲಿಸ್ದೇ ಕೂತಿದ್ಯೇನೇ?" ಎಂದಳು. "ಕುಂಬಳಕಾಯಿ? ಅದನ್ನೂ ಒಡೆದಿಲ್ವಾ?"

"ಅಮ್ಮಾ, ಇಲ್ಲಿ ಹುಳ ಹರೀತಿದೆ."

"ಹುಳ ಹರೀಲಿ. ದೃಷ್ಟಿ ತೆಗೆದು ಒಡೀದೇ ಇರೋ ಕುಂಬಳಕಾಯಿ ಇಟ್ಕೊಂಡು ಸಮುದ್ರ ದಾಟ್ತೀಯಾ? ನಾನು ಬಂದು ನೋಡೋ ತನಕ ಗಾಡಿ ಅಲ್ಲಾಡಬಾರದು. ನೀವೂ ಕೇಳಿಸ್ಕೊಳ್ಳಿ," ಎಂದಳು ಅಂಕಲ್‌ಗೆ. ಅಂಕಲ್ ಫೋನಿಗೆ ತಲೆ ಆಡಿಸಿದರು. ಅಮ್ಮ ಒಪ್ಪದೆ ಅವರು ವ್ಯಾನು ಸಿಕ್ಕಿಸುವವರಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಶನಿವಾರದ ಹಡಗು ಈಗ ಒಂದು ಕೊಳೆತ ಕುಂಬಳದ ಮೇಲೆ ನಿಂತಿತ್ತು.

ಮರುದಿನ ಬೆಳಿಗ್ಗೆ ಅಪ್ಪ, ಅಮ್ಮ ಇಬ್ಬರೂ ಬಂದರು. ಅಪ್ಪ ಒಂದು ಡಬ್ಬಿ ಮಾಸ್ಕು, ಒಂದು ಡಬ್ಬಿ ಕೈಗವಸು ತಂದಿದ್ದರು. ಒಳಗೆ ಒಂದು ಸಲ ಕತ್ತು ಹಾಕಿ ನೋಡಿ ಹೊರಗೆ ಬಂದರು.

"ಪೋಸ್ಟ್‌ಮಾರ್ಟಮ್ ರೂಮು ಇದಕ್ಕಿಂತ ವಾಸಿ," ಎಂದರು. "ಅಲ್ಲಿ ಕನಿಷ್ಠ ಕಿಟಕಿ ಇರತ್ತೆ." ಆಮೇಲೆ ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡರು.

ಅಮ್ಮ ಮಾಸ್ಕು ಹಾಕಿಕೊಂಡು ಬಾಗಿಲ ಮೆಟ್ಟಿಲ ಮೇಲೆ ನಿಂತಳು. ಕಾಯಿಯ ಹೋಳನ್ನು ನೋಡಿದಳು, ಕಂದು ನೋಡಿದಳು. ಕಣ್ಣಲ್ಲಿ ನೀರು ಬಂತು. ದುಃಖಕ್ಕೋ ನಾತಕ್ಕೋ ಗೊತ್ತಿಲ್ಲ, ನನಗೂ ಬಂದಿತ್ತು.

"ಕಪಾಟು ತೆಗೀರಿ," ಎಂದಳು.

ಅಂಕಲ್ ಟಾರ್ಚು ಹಿಡಿದು ಮಂಡಿಯೂರಿ ಕಪಾಟಿನ ಬಾಗಿಲು ಎಳೆದರು. ಒಳಗಿಂದ ಗುಳುಕ್ ಎಂದು ಏನೋ ಜಾರಿ ಬಂತು. ಹಿಂದೆ ಸರಿಯುವಷ್ಟರಲ್ಲಿ ಅವರ ಮೊಣಕಾಲು ನೆನೆದಿತ್ತು. ಕುಂಬಳದ ಸಿಪ್ಪೆ ಮಾತ್ರ ನಿಂತಿತ್ತು, ಗಾಳಿ ಹೋದ ಚೆಂಡಿನ ಹಾಗೆ. ತಿರುಳೆಲ್ಲ ಕುಂಕುಮದ ಜೊತೆ ಕರಗಿ ಪ್ಲೈವುಡ್ಡಿನ ಸಂದಿಯಲ್ಲಿ ಇಳಿದುಹೋಗಿತ್ತು. ಬೀಜಗಳು ಕೆಂಪು ಲೋಳೆಯಲ್ಲಿ ಹಲ್ಲಿನ ಹಾಗೆ ಕಾಣುತ್ತಿದ್ದವು. ಅದರೊಳಗೆ ಏನೋ ಬಿಳಿ ಬಿಳಿ ಮಿಸುಕಾಡುತ್ತಿತ್ತು, ನಾನು ಅಕ್ಕಿಯೇನೋ ಅಂದುಕೊಂಡೆ. ಅಕ್ಕಿ ಮಿಸುಕಾಡುವುದಿಲ್ಲ.

"ಒಡೆದಿದ್ಯಾ, ಕೊಳೆತಿದ್ಯಾ?" ಅಮ್ಮ ಹೊರಗಿನಿಂದ ಕೇಳಿದಳು.

"ಕೊಳೆತಿದೆ," ಎಂದೆ ನಾನು.

ಅಂಕಲ್ ನನ್ನ ಮುಖ ನೋಡಿದರು. ಟಾರ್ಚನ್ನು ಸಿಪ್ಪೆಯ ಸುತ್ತ ಒಮ್ಮೆ ಆಡಿಸಿದರು. "ಕಾಂಬ ತಡಿ," ಎಂದರು. "ಅಕ್ಕಾ, ಇಲ್ಲಿ ಬದಿಗೆ ಸೀಳಿತ್ತು. ಮೇಲಿಂದ ಕೆಳಗಿನ ತನ್ಕ. ನಾವ್ ಕೊಯ್ದದ್ ನೆತ್ತಿ ಮಾತ್ರ. ಇದ್ ಅದೇ ಒಡ್ಕಂಡದ್ದ್."

"ಸರಿಯಾಗಿ ನೋಡಿ."

"ದೇವರಾಣೆ ಅಕ್ಕಾ. ಬಾಯಿ ಬಿಟ್ಕಂಡಿತ್ತು."

ಅಮ್ಮ ಯೋಚಿಸಿದಳು. ಫೋರ್ಕ್‌ಲಿಫ್ಟ್ ಒಂದು ನಮ್ಮನ್ನು ಸುತ್ತುಹಾಕಿ ಹೋಯಿತು, ಅದರ ಹುಡುಗ ಮೂಗು ಮುಚ್ಚಿಕೊಂಡು ಒಂದೇ ಕೈಯಲ್ಲಿ ಓಡಿಸುತ್ತಿದ್ದ.

"ದೃಷ್ಟಿ ತಗೊಂಡು ತಾನೇ ಒಡೆದುಕೊಂಡಿದೆ," ಎಂದಳು ಕೊನೆಗೆ. "ಬೇರೆ ಒಡೆಯೋದು ಬೇಡ. ಕದಲಿಸಿ ತೆಗೆದುಬಿಡಿ."

ಅಂಕಲ್ ನನಗೆ ಮಾತ್ರ ಕಾಣುವ ಹಾಗೆ ಉಸಿರು ಬಿಟ್ಟರು. ಆ ಸೀಳು ಮೊದಲೇ ಇತ್ತೋ, ಬಾಗಿಲು ಎಳೆದಾಗ ಆಯಿತೋ, ನಾನು ಇವತ್ತಿನವರೆಗೆ ಕೇಳಿಲ್ಲ.

ಕದಲಿಸುವುದೆಂದರೆ ಪ್ರತಿಯೊಂದನ್ನೂ ಉತ್ತರಕ್ಕೆ ಒಂದಿಷ್ಟು ಸರಿಸಬೇಕು, ಆಮೇಲೆ ಎತ್ತಬೇಕು. ಉತ್ತರ ಯಾವುದು ಎಂದು ಯಾರಿಗೂ ಗೊತ್ತಿಲ್ಲ. ಅಂಕಲ್ ರಸ್ತೆ ಕಡೆ ಕೈ ತೋರಿಸಿದರು, ಅಮ್ಮ ಟೈಲ್ಸ್ ಗೋದಾಮಿನ ಕಡೆ. ಸ್ವೀಡನ್ನಿನ ಕಾಡಿನಲ್ಲಿ ದಾರಿ ತಪ್ಪಿದರೆ ಇರಲಿ ಎಂದು ನಾನು ಒಂದು ಒಳ್ಳೆಯ ದಿಕ್ಸೂಚಿ ಕೊಂಡಿದ್ದೆ. ಅದನ್ನು ಮೊದಲ ಸಲ ಡಬ್ಬಿಯಿಂದ ತೆಗೆದದ್ದು ಅವತ್ತು. ಮುಳ್ಳು ಗೋದಾಮಿನ ಪಕ್ಕದ ಟಾಯ್ಲೆಟ್ಟಿನ ಕಡೆಗೆ ನಿಂತಿತು. ಆ ಕಡೆಗೆ ಮುಖಮಾಡಿ, ಎರಡು ಜೊತೆ ಕೈಗವಸು ಹಾಕಿಕೊಂಡು, ಉಣ್ಣೆ ಬೆಳೆದ ಕಾಯಿಯ ಹೋಳನ್ನು ಒಂದು ಬೆರಳಿನಿಂದ ನೂಕಿದೆ. ಅದು ಸೀಟಿಗೆ ಅಂಟಿಕೊಂಡಿತ್ತು. ಇನ್ನೊಂದು ಬೆರಳು ಹಾಕಬೇಕಾಯಿತು. ಸೀಟಿನ ತೊಗಲೂ ಜೊತೆಗೇ ಕಿತ್ತು ಬಂತು.

"ಕೈ ಮುಗಿಯೇ," ಎಂದಳು ಅಮ್ಮ.

ಮುಗಿದೆ. ಆ ಕೈಗವಸಿನಲ್ಲೇ.

ಎಲ್ಲವನ್ನೂ ಕಪ್ಪು ಚೀಲಗಳಿಗೆ ತುಂಬಿದ ಮೇಲೆ ಪುರಿ ಎಲ್ಲಿ ಎಂದು ಹೊಳೆಯಿತು. ತಟ್ಟೆ ಖಾಲಿ, ಚೀಲ ಖಾಲಿ. ಅಷ್ಟು ಪುರಿ ಎಲ್ಲಿ ಹೋಯಿತು. ನೆಲದ ಮೇಲೆ ಕರಿ ಜೀರಿಗೆಯಂಥ ಹಿಕ್ಕೆ ಮಾತ್ರ. ಹೀಟರಿನ ತೂತಿಗೆ ತುರುಕಿದ್ದ ಬಟ್ಟೆ ಕಚ್ಚಿ ಹರಿದಿತ್ತು. ಗಾಳಿ ಹೋಗದ ನನ್ನ ಟ್ರೈಲರಿಗೆ ಇಲಿ ಹೋಗುವ ದಾರಿ ಇತ್ತು. ಫೋರಂನವರು ಸಾವಿರ ಸಲ ಬರೆದಿದ್ದರು, ಸ್ನೋಮೊಬೈಲಿನಲ್ಲಿ ಇಲಿಗಳು ಮೊದಲು ಗೂಡು ಕಟ್ಟುವುದು ಎಂಜಿನ್ನಿಗೆ ಗಾಳಿ ಎಳೆಯುವ ಡಬ್ಬಿಯಲ್ಲಿ. ಅದರ ಮುಚ್ಚಳ ಬಿಚ್ಚಿದೆ. ಡಬ್ಬಿಯ ತುಂಬ ಅಮ್ಮನ ಕಡ್ಲೆಪುರಿ. ಅದರ ಮೇಲೆ ನನ್ನ ಜಾಕೆಟ್ಟಿನ ಒಳಗಿನ ಹತ್ತಿ ಹಾಸಿತ್ತು. ಮಧ್ಯೆ ಬೆಚ್ಚಗೆ, ರೋಮವಿಲ್ಲದ, ಗುಲಾಬಿ ಬಣ್ಣದ ಮರಿಗಳು ಒಂದರ ಮೇಲೊಂದು. ಪುರಿಯೆಲ್ಲ ಉಚ್ಚೆಯಲ್ಲಿ ಹಳದಿಯಾಗಿ ಗಂಟು ಕಟ್ಟಿತ್ತು.

ಅವತ್ತಿನಿಂದ ನಾನು ಪುರಿ ತಿಂದಿಲ್ಲ. ಯಾರು ಎಷ್ಟು ಒಗ್ಗರಣೆ ಹಾಕಿ ಕೊಟ್ಟರೂ.

ಅಂಕಲ್ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ಬೇಲಿಯ ಆಚೆ ಎಲ್ಲೋ ಸುರಿದು ಬಂದರು. ಡಬ್ಬಿಯನ್ನು ನಾನು ಬಿಸಿನೀರಿನಲ್ಲಿ ನಾಲ್ಕಾರು ಸಲ ತೊಳೆದೆ. ಎಂಜಿನ್ನು ಎರಡನೇ ಎಳೆತಕ್ಕೆ ಹೊತ್ತಿಕೊಂಡಿತು. ಅದು ಹೊತ್ತಿಕೊಳ್ಳದಿದ್ದರೆ ನಾನು ಅಲ್ಲೇ ಕೂತು ಬಿಡುತ್ತಿದ್ದೆ.

ಉಳಿದದ್ದು ನಾತ. ಹೋಟೆಲಿನ ಎಣ್ಣೆಜಿಡ್ಡು ತೆಗೆಯುವ ಔಷಧ ಹಾಕಿ ಉಜ್ಜಿದೆವು, ಬ್ಲೀಚ್ ಸುರಿದೆವು. ಉಜ್ಜಿದಷ್ಟು ಹೊತ್ತು ಬ್ಲೀಚಿನ ವಾಸನೆ, ಒಣಗಿದ ಕೂಡಲೇ ಮತ್ತೆ ಅದೇ. ಅಮ್ಮ ಊದುಬತ್ತಿ ಹಚ್ಚಿಡು ಎಂದಳು. ಹಚ್ಚಿದರೆ ಸಾವಾದ ಮನೆಯ ಹಾಗೆ ಆಯಿತು. ಗುರುವಾರ ಬೆಳಿಗ್ಗೆ ಮೂತಿಯ ಹತ್ತಿರದ ಒಂದು ಪ್ಲೈವುಡ್ ಹಲಗೆ ಕಿತ್ತು ನೋಡಿದೆ. ಹಿಂದಿನ ಫೋಮೆಲ್ಲ ಕೆಂಪು. ಪಕ್ಕದ್ದು ಕಿತ್ತೆ, ಅದೂ ಕೆಂಪು. ರಬ್ಬರ್ ನೆಲ ಎತ್ತಿದೆ, ಕೆಳಗೆ ಲೋಳೆ ಕೆರೆಯ ಹಾಗೆ ನಿಂತಿತ್ತು. ನನ್ನ ಬಿರಡೆಗಳು ಅದನ್ನು ಹರಿಯಲು ಬಿಟ್ಟಿರಲಿಲ್ಲ.

ನಮ್ಮ ಜೊತೆ ಹೊರಟಿದ್ದ ಫೋರಂನ ಗುಂಪಿನವನೊಬ್ಬನಿಗೆ ಫೋನು ಮಾಡಿ, ಒಂದು ವಾರ ತಡವಾಗಿ ಬರಬಹುದೇ ಎಂದೆ. ಹಡಗಿನಲ್ಲಿ ಜಾಗವಿರುವುದು ಶನಿವಾರಕ್ಕೆ, ನೀವು ಬಾರದಿದ್ದರೆ ನಾವು ಹೋಗುತ್ತೇವೆ ಎಂದ. ತಪ್ಪೇನಿಲ್ಲ.

"ಎಲ್ಲಾ ಕೀಳ್ಬೇಕು ಅಂಕಲ್," ಎಂದೆ.

"ಎಲ್ಲ ಅಂದ್ರೆ?"

"ಗೋಡೆ, ನೆಲ, ಬೆಂಚು, ಗೂಟ. ಎಲ್ಲಾ."

"ಇಡೀ ಬೇಸಿಗೆ ಮಾಡಿದ್ದ್ ಅಲ್ದಾ ಹೆಣ್ಣೇ."

"ಇದ್ರೊಳಗೆ ಕೂತು ನೀವು ಊಟ ಮಾಡ್ತೀರಾ?"

ಅವರು ಸುತ್ತಿಗೆ ತಂದರು. ಎರಡು ದಿನ ಕಿತ್ತೆವು. ಕಟ್ಟುವಾಗ ಒಂದೊಂದು ಸ್ಕ್ರೂವನ್ನೂ ಅಳೆದು ಹಾಕಿದ್ದೆ. ಕೀಳುವಾಗ ಸ್ಕ್ರೂ ಹುಡುಕಲಿಲ್ಲ, ಕೊಕ್ಕೆ ಸಿಕ್ಕಿಸಿ ಎಳೆದೆ. ಪ್ಲೈವುಡ್ ಊದಿಕೊಂಡು ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು, ಮುರಿದಾಗೆಲ್ಲ ಒಳಗಿನಿಂದ ಹೊಸದಾಗಿ ನಾತ ಬರುತ್ತಿತ್ತು. ಕೌನ್ಸಿಲಿನ ಕಸದ ಅಂಗಳಕ್ಕೆ ವ್ಯಾನಿನಲ್ಲಿ ಎಷ್ಟೋ ಸಲ ಹೋದೆವು. ಅಲ್ಲಿದ್ದವನು ಕೆಂಪಾದ ಹಲಗೆಗಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಅಂಕಲ್ ನಗುತ್ತ ಕುಂಕುಮ ಕುಂಕುಮ ಎಂದರು, ಅವನಿಗೆ ಅದರಿಂದ ಏನೂ ಸಮಾಧಾನವಾದಂತೆ ಕಾಣಲಿಲ್ಲ. ಶುಕ್ರವಾರ ಸಂಜೆಗೆ ಟ್ರೈಲರ್ ಬೋಳು ತಗಡು. ನೆಲದ ಮೇಲೆ ಸ್ನೋಮೊಬೈಲು, ಚೌಕಟ್ಟಿಗೆ ಬಿಗಿದ ನನ್ನ ನಾಲ್ಕು ಬಳೆಗಳು. ಅವು ಮಾತ್ರ ಉಳಿದವು. ಹೀಟರಿಲ್ಲ, ಬಟ್ಟೆ ಒಣಗಿಸುವ ಗೂಟವಿಲ್ಲ. ಬಟ್ಟೆಯೂ ಇಲ್ಲ, ಅಪ್ಪನ ಹಳೆಯ ಸ್ಕೀ ಜಾಕೆಟ್ಟು, ಅಂಕಲ್‌ಗೆ ಕೋಲ್ಡ್ ಸ್ಟೋರೇಜಿನ ಕೋಟು.

ಶನಿವಾರ ಅಮ್ಮ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ವ್ಯಾನು ಮುಂದೆ ಸರಿದ ಕೂಡಲೇ ನಾನು ಇಳಿದು ನಾಲ್ಕನ್ನೂ ಹೆಕ್ಕಿ, ಚೀಲಕ್ಕೆ ಹಾಕಿ ಗಂಟು ಬಿಗಿದು, ಅವಳ ಕೈಗೇ ಕೊಟ್ಟೆ.

"ಇದೇನೇ," ಎಂದಳು.

"ಇವತ್ತೇ ಬಿಸಾಡಮ್ಮ. ಅಂಕಲ್ ಬಿಸಾಡಲ್ಲ, ನಾನೂ ಬಿಸಾಡಲ್ಲ. ನೀನು."

ಹಡಗು ಸಿಕ್ಕಿತು. ಹಡಗಿನ ಕೆಳ ಅಂತಸ್ತಿನಲ್ಲಿ ಗಾಡಿ ನಿಲ್ಲಿಸುವವನು ನಮ್ಮ ಟ್ರೈಲರನ್ನು ಕೈ ಮಾಡಿ ಮಾಡಿ ಒಂದು ಮೂಲೆಗೆ ಕಳಿಸಿದ. ಸ್ವೀಡನ್ನಿನಲ್ಲಿ ಎರಡು ದಿನ ಉತ್ತರಕ್ಕೆ ಹೋದ ಮೇಲೆ ಹಿಮ ಬಂತು, ನಾನು ಕಾದಿದ್ದ ಹಿಮ. ಮೊದಲ ದಿನ ಮಧ್ಯಾಹ್ನದ ತನಕ ಓಡಿಸಿದೆ. ಅದು ಬೇರೆಯೇ ಮಾತು, ಅದನ್ನು ಇದರ ಜೊತೆ ಸೇರಿಸಲು ಇಷ್ಟವಿಲ್ಲ. ಅಂಕಲ್ ಕೆರೆಯ ನಡುವೆ ಇಳಿದು, ಮುಖ ಮೇಲೆತ್ತಿ, ಸುಮ್ಮನೆ ಮೂಗಿನಿಂದ ಉಸಿರೆಳೆಯುತ್ತ ನಿಂತಿದ್ದರು. ಅಷ್ಟು ಹೇಳಿದರೆ ಸಾಕು.

ಗಾಡಿ ನಿಲ್ಲಿಸುವ ಜಾಗಕ್ಕೆ ವಾಪಸು ಬಂದು ಸ್ನೋಮೊಬೈಲನ್ನು ಟ್ರೈಲರಿಗೆ ಹತ್ತಿಸಿದೆವು. ಉಳಿದವರು ತಮ್ಮ ತಮ್ಮ ಬೆಚ್ಚಗಿನ ಟ್ರೈಲರುಗಳಲ್ಲಿ ಬೆಂಚು ಬಿಡಿಸಿಕೊಂಡು ಕಾಫಿ ಕುಡಿಯುತ್ತಿದ್ದರು. ನಾವು ಹಿಂದಿನ ಹಲಗೆಯ ಮೇಲೆ ಕೂತು ಅಂಕಲ್ ತಂದಿದ್ದ ಚಪಾತಿ, ಚಟ್ನಿಪುಡಿ ತಿಂದೆವು. ಬಿಸಿಲು ಬಂದಿತ್ತು. ಪಟ್ಟಾದಲ್ಲಿ ಅಂಟಿದ್ದ ಹಿಮ ಮೆಲ್ಲಗೆ ಕರಗಿ, ಬಿರಡೆ ಕಿತ್ತ ರಂಧ್ರಗಳಿಂದ ಹರಿದು ಕೆಳಗೆ ಬೀಳುತ್ತಿತ್ತು. ಎಷ್ಟು ಚೆನ್ನಾಗಿ ಹರಿಯುತ್ತಿದೆ ಎಂದು ನೋಡಲು ಬಗ್ಗಿದೆ.

ತಗಡಿನ ಸಂದಿಗಳಲ್ಲಿ, ರಿವೆಟ್ಟುಗಳ ಸುತ್ತ ಕೂತಿದ್ದದ್ದು ಕರಗಿತ್ತು. ಬಿಳಿ ಹಿಮದ ಮೇಲೆ ನಸುಗೆಂಪು ನೀರು, ತೊಟ್ಟು ತೊಟ್ಟಾಗಿ. ಅದರ ಜೊತೆ ಸಣ್ಣಗೆ ಅದೇ ನಾತ. ನನ್ನ ಕೈಯಲ್ಲಿದ್ದ ಚಪಾತಿ ಅಲ್ಲೇ ನಿಂತಿತು.

ಪಕ್ಕದ ಟ್ರೈಲರಿನವನು ಕಾಫಿ ಲೋಟ ಹಿಡಿದು ಬಂದು ನೋಡಿದ. ದಾರಿಯಲ್ಲಿ ಏನಾದರೂ ಪ್ರಾಣಿಗೆ ಗುದ್ದಿದಿರಾ ಎಂದು ಕೇಳಿದ.

"ನೋ ನೋ," ಎಂದರು ಅಂಕಲ್, ಬಾಯಿ ತುಂಬ ಚಪಾತಿ ಇಟ್ಟುಕೊಂಡು. "ಪಂಪ್‌ಕಿನ್."

ಅವನು ತಲೆಯಾಡಿಸಿ ಹೊರಟುಹೋದ. ನಾನು ಬೂಟಿನಿಂದ ಹಿಮ ಒದ್ದು ಆ ಕೆಂಪನ್ನು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಅದು ಮತ್ತೆ ಮೇಲೆ ಬಂತು. ಮತ್ತೆ ಮುಚ್ಚಿದೆ.